2026ರ ಬಜೆಟ್‌ಗೆ ಮುಂಚೆ ಷೇರು ಮಾರಿಬಿಡಲಾ? ಬಸವನಗುಡಿಯ ಮೇಷ್ಟ್ರ ಪ್ರಶ್ನೆಗೆ ಉತ್ತರ

ಪ್ರಶ್ನೆ: ನನಗೆ 63 ವರ್ಷ. ಸರ್ಕಾರಿ ಕಾಲೇಜಿನಲ್ಲಿ ಉಪನ್ಯಾಸಕನಾಗಿ ನಿವೃತ್ತನಾದವನು. ಬಸವನಗುಡಿಯಲ್ಲಿ ಸ್ವಂತ ಮನೆ. ತಿಂಗಳಿಗೆ 55,000 ರೂಪಾಯಿ ಪಿಂಚಣಿ, ವರ್ಷಕ್ಕೆ 2.4 ಲಕ್ಷ ಎಫ್‌ಡಿ ಬಡ್ಡಿ. ಇನ್ಫೋಸಿಸ್‌ನ 1,200 ಷೇರು, ಕೆಲವು ಮ್ಯೂಚುವಲ್ ಫಂಡ್, ಎಲ್ಲ ಸೇರಿ 1.6 ಲಕ್ಷ ಡಿವಿಡೆಂಡ್ (ಲಾಭಾಂಶ). ಮೊದಲು ಡಿವಿಡೆಂಡ್‌ಗೆ ತೆರಿಗೆಯೇ ಇರಲಿಲ್ಲ. ಈಗ ಕೈಗೆ ಬರುವ ಮುಂಚೆಯೇ 10% ಹಿಡಿಯುತ್ತಾರೆ. ಮನೆಯ ಮಹಡಿ ಸೋರುತ್ತಿದೆ, ರಿಪೇರಿಗೆ ಹಣ ಬೇಕು. ಅದಕ್ಕಾಗಿ ಷೇರು, ಫಂಡ್ ಮಾರಿದರೆ ಸುಮಾರು 4 ಲಕ್ಷ ಲಾಭ ಲೆಕ್ಕಕ್ಕೆ ಬರುತ್ತದೆ. ಬಜೆಟ್‌ನಲ್ಲಿ ಮತ್ತೆ ನಿಯಮ ಬದಲಾಗುತ್ತೆ, ಈಗಲೇ ಎಲ್ಲ ಮಾರಿಬಿಡಿ ಎಂದು ಕೃಷ್ಣರಾವ್ ಪಾರ್ಕಿನ ವಾಕಿಂಗ್ ಗೆಳೆಯರು ಹೇಳುತ್ತಾರೆ. ಲಂಡನ್ನಿನಲ್ಲಿರುವ ಮಗಳು ಬೇರೆಯೇ ಹೇಳುತ್ತಾಳೆ. ಹೆಂಡತಿ ಹೆಸರಿಗೆ ಬದಲಾಯಿಸಿದರೆ ತೆರಿಗೆ ಉಳಿಯುತ್ತದಾ?

ಉತ್ತರ: ಮೇಷ್ಟ್ರೇ, ಮೊದಲು ನೆಮ್ಮದಿಯ ಮಾತು ಹೇಳಿಬಿಡುತ್ತೇನೆ. ನೀವು ಬರೆದ ಅಂಕಿ ಸರಿಯಿದ್ದರೆ, 2025-26ರಲ್ಲಿ ನಿಮ್ಮ ಡಿವಿಡೆಂಡ್ ಮೇಲೆ ಒಂದು ರೂಪಾಯಿಯೂ ತೆರಿಗೆ ಇಲ್ಲ. ನಿಮಗೆ ಪೆಟ್ಟು ಬೀಳಬಹುದಾದದ್ದು ಡಿವಿಡೆಂಡ್‌ನಿಂದ ಅಲ್ಲ, ಆ 4 ಲಕ್ಷದ ಲಾಭವನ್ನು ಒಂದೇ ವರ್ಷದಲ್ಲಿ ತೆಗೆದುಕೊಂಡರೆ.

ಲೆಕ್ಕ ಬಿಡಿಸೋಣ. ಪಿಂಚಣಿ ವರ್ಷಕ್ಕೆ 6,60,000. ಹೊಸ ತೆರಿಗೆ ಪದ್ಧತಿಯಲ್ಲಿ ಪಿಂಚಣಿದಾರರಿಗೂ 75,000 ಸ್ಟ್ಯಾಂಡರ್ಡ್ ಡಿಡಕ್ಷನ್ (ಆದಾಯದಿಂದ ನೇರ ಕಡಿತ) ಇದೆ. ಉಳಿದದ್ದು 5,85,000. ಬಡ್ಡಿ 2,40,000, ಡಿವಿಡೆಂಡ್ 1,60,000 ಸೇರಿಸಿ. ಒಟ್ಟು 9,85,000. ಹೊಸ ಪದ್ಧತಿಯಲ್ಲಿ 4 ಲಕ್ಷದವರೆಗೆ ತೆರಿಗೆ ಇಲ್ಲ, ಅಲ್ಲಿಂದ 8 ಲಕ್ಷದವರೆಗೆ 5%, 12 ಲಕ್ಷದವರೆಗೆ 10%. ಹಾಗಾಗಿ ತೆರಿಗೆ 20,000 ಮತ್ತು 18,500, ಅಂದರೆ 38,500. ಆದರೆ ಒಟ್ಟು ಆದಾಯ 12 ಲಕ್ಷ ದಾಟದಿದ್ದರೆ 60,000 ರೂಪಾಯಿವರೆಗೆ ರಿಬೇಟ್ (ತೆರಿಗೆಯಲ್ಲೇ ರಿಯಾಯಿತಿ) ಇದೆ. 38,500 ಪೂರ್ತಿ ಹೊರಟುಹೋಗುತ್ತದೆ. ಡಿವಿಡೆಂಡ್ ಮಾಮೂಲಿ ಸ್ಲ್ಯಾಬ್‌ನಲ್ಲಿ (ಮೇಲಿನ ಹಂತಗಳ ದರದಲ್ಲಿ) ಬರುವ ಆದಾಯ, ಆದ್ದರಿಂದ ಅದಕ್ಕೂ ಈ ರಿಬೇಟ್ ಸಿಗುತ್ತದೆ. ಕಂಪನಿ ಹಿಡಿದ 10% ತೆರಿಗೆಯಲ್ಲ, ಮುಂಗಡ ಅಷ್ಟೇ. ರಿಟರ್ನ್ ಹಾಕಿದರೆ ವಾಪಸ್ ಬರುತ್ತದೆ.

ಇನ್ಫೋಸಿಸ್ 2025-26ರ ಆರ್ಥಿಕ ವರ್ಷದಲ್ಲಿ ಷೇರಿಗೆ 22 ಮತ್ತು 23 ರೂಪಾಯಿ ಎಂದು ಎರಡು ಸಲ ಡಿವಿಡೆಂಡ್ ಕೊಟ್ಟಿದೆ. ನಿಮ್ಮ 1,200 ಷೇರಿಗೆ 54,000. ಅದರಲ್ಲಿ 5,400 ಹಿಡಿದಿರುತ್ತಾರೆ. ಒಂದು ಕಂಪನಿಯಿಂದ ವರ್ಷಕ್ಕೆ 10,000 ರೂಪಾಯಿ ದಾಟಿದರೆ ಮಾತ್ರ ಈ ಟಿಡಿಎಸ್ (ಮೂಲದಲ್ಲೇ ಹಿಡಿಯುವ ತೆರಿಗೆ). 2025ರ ಏಪ್ರಿಲ್‌ಗೆ ಮುಂಚೆ ಈ ಮಿತಿ 5,000 ಇತ್ತು. 2025-26ರ ನಿಮ್ಮ ಒಟ್ಟು ತೆರಿಗೆ ಸೊನ್ನೆ ಆಗುವುದು ಖಚಿತವಾಗಿದ್ದರೆ ಫಾರ್ಮ್ 15ಎಚ್ ಕೊಟ್ಟು ಟಿಡಿಎಸ್ ಹಿಡಿಯದಂತೆ ಮಾಡಬಹುದು. ಬ್ಯಾಂಕಿಗೆ ಕೊಟ್ಟರೆ ಸಾಲದು, ಕಂಪನಿಗೂ ಪ್ರತ್ಯೇಕವಾಗಿ ಕೊಡಬೇಕು. ಡಿವಿಡೆಂಡ್ ಘೋಷಿಸಿದ ಮೇಲೆ ಕಂಪನಿಗಳು ಈ ಬಗ್ಗೆ ಇಮೇಲ್ ಕಳಿಸುತ್ತವೆ. ಅದನ್ನು ಜಾಹೀರಾತು ಅಂದುಕೊಂಡು ಅಳಿಸಿಬಿಡುವವರೇ ಜಾಸ್ತಿ. ಆದರೆ ಈ ವರ್ಷ ನೀವು ಷೇರು ಮಾರಿ ಸ್ವಲ್ಪವಾದರೂ ತೆರಿಗೆ ಬೀಳುವುದಿದ್ದರೆ 15ಎಚ್ ಕೊಡಬೇಡಿ. ಅದು ನೀವು ಸಹಿ ಹಾಕಿ ಕೊಡುವ ಘೋಷಣೆ, ತಪ್ಪು ಘೋಷಣೆ ಆಗಬಾರದು.

ಈಗ ಆ 4 ಲಕ್ಷದ ಲಾಭಕ್ಕೆ ಬರೋಣ. ವರ್ಷಕ್ಕಿಂತ ಜಾಸ್ತಿ ಇಟ್ಟುಕೊಂಡ ಷೇರು, ಈಕ್ವಿಟಿ ಫಂಡ್ ಮಾರಿದ ಲಾಭದಲ್ಲಿ ವರ್ಷಕ್ಕೆ 1.25 ಲಕ್ಷದವರೆಗೆ ತೆರಿಗೆ ಇಲ್ಲ. ಅದಕ್ಕೆ ಮೇಲ್ಪಟ್ಟದ್ದಕ್ಕೆ 12.5%. ಇಷ್ಟು ಎಲ್ಲರಿಗೂ ಗೊತ್ತು. ಪಾರ್ಕಿನ ಗೆಳೆಯರಿಗೂ ಗೊತ್ತಿರುತ್ತದೆ. ಗೊತ್ತಿಲ್ಲದ್ದು ಇನ್ನೊಂದಿದೆ. 12 ಲಕ್ಷದ ಮಿತಿ ದಾಟಿದ್ದೀರೋ ಇಲ್ಲವೋ ಎಂದು ನೋಡುವಾಗ ಈ ಲಾಭವೂ ಒಟ್ಟು ಆದಾಯಕ್ಕೆ ಸೇರುತ್ತದೆ. ತೆರಿಗೆ ಇಲ್ಲದ ಆ 1.25 ಲಕ್ಷವೂ ಸೇರುತ್ತದೆ. ಮತ್ತೆ, ಈ ಲಾಭದ ಮೇಲಿನ ತೆರಿಗೆಗೆ ರಿಬೇಟ್ ಸಿಗುವುದಿಲ್ಲ. ಎರಡೂ ಕಡೆಯಿಂದ ಹೊಡೆತ.

ನಿಮ್ಮ ಮಾಮೂಲಿ ಆದಾಯ 9,85,000. ಒಂದೇ ವರ್ಷದಲ್ಲಿ 4 ಲಕ್ಷ ಲಾಭ ತೆಗೆದರೆ ಒಟ್ಟು 13,85,000. 12 ಲಕ್ಷ ದಾಟಿತು, ರಿಬೇಟ್ ಹೋಯಿತು. ಸೊನ್ನೆ ಆಗಿದ್ದ 38,500 ಮತ್ತೆ ಎದ್ದು ನಿಲ್ಲುತ್ತದೆ. ಲಾಭದಲ್ಲಿ 1.25 ಲಕ್ಷ ಕಳೆದು ಉಳಿದ 2.75 ಲಕ್ಷಕ್ಕೆ 34,375. ಎರಡೂ ಸೇರಿ 72,875. ಇದಕ್ಕೆ 4% ಸೆಸ್ (ತೆರಿಗೆಯ ಮೇಲಿನ ಹೆಚ್ಚುವರಿ ಕರ). ಒಟ್ಟು 75,790 ರೂಪಾಯಿ.

ಅದೇ 4 ಲಕ್ಷವನ್ನು ಎರಡು ಭಾಗ ಮಾಡಿ. 2 ಲಕ್ಷ ಲಾಭ ಬರುವಷ್ಟನ್ನು 2026ರ ಮಾರ್ಚ್ 31ಕ್ಕೆ ಮುಂಚೆ ಮಾರಿ. ಇನ್ನುಳಿದ 2 ಲಕ್ಷದ್ದನ್ನು ಏಪ್ರಿಲ್‌ನಲ್ಲಿ ಮಾರಿ. ಈ ವರ್ಷ ಒಟ್ಟು ಆದಾಯ 11,85,000. ರಿಬೇಟ್ ಉಳಿಯಿತು. ಲಾಭದಲ್ಲಿ 75,000ಕ್ಕೆ ಮಾತ್ರ ತೆರಿಗೆ, ಸೆಸ್ ಸೇರಿ 9,750. ಆದಾಯವೂ ನಿಯಮವೂ ಹೀಗೇ ಇದ್ದರೆ ಮುಂದಿನ ವರ್ಷವೂ ಅಷ್ಟೇ. ಎರಡು ವರ್ಷ ಸೇರಿ 19,500. ಉಳಿತಾಯ 56,290 ರೂಪಾಯಿ. ಮಹಡಿ ರಿಪೇರಿಯವನಿಗೂ ಹಣ ಒಂದೇ ಸಲ ಕೊಡಬೇಕಾಗಿಲ್ಲ, ಅಲ್ವಾ? ಅಡ್ವಾನ್ಸ್ ಮಾರ್ಚ್‌ನಲ್ಲಿ, ಬಾಕಿ ಏಪ್ರಿಲ್‌ನಲ್ಲಿ. ಮಳೆಗಾಲಕ್ಕೆ ಮುಂಚೆ ಕೆಲಸ ಮುಗಿಯುತ್ತದೆ.

ಒಂದು ಎಚ್ಚರಿಕೆ. 11,85,000ಕ್ಕೂ 12 ಲಕ್ಷಕ್ಕೂ ನಡುವೆ ಇರುವುದು 15,000 ಮಾತ್ರ. ಉಳಿತಾಯ ಖಾತೆಯ ಬಡ್ಡಿ ನೀವು ಬರೆದಿಲ್ಲ. ಅದೂ ಆದಾಯವೇ. ಫೆಬ್ರವರಿ, ಮಾರ್ಚ್‌ನಲ್ಲಿ ಬರುವ ಡಿವಿಡೆಂಡ್ ಇರಬಹುದು. ಬ್ಯಾಂಕಿನಿಂದ ವರ್ಷದ ಬಡ್ಡಿ ಎಷ್ಟಾಗುತ್ತದೆ ಎಂದು ಬರೆಸಿಕೊಂಡು ಬನ್ನಿ. ಅದನ್ನೆಲ್ಲ ಕೂಡಿಸಿದ ಮೇಲೆ ಎಷ್ಟು ಮಾರಬೇಕು ಎಂದು ನಿರ್ಧರಿಸಿ. ಅನುಮಾನ ಇದ್ದರೆ ಈ ವರ್ಷ 1.25 ಲಕ್ಷಕ್ಕೇ ನಿಲ್ಲಿಸಿ. ಈ ಮೊತ್ತಕ್ಕಂತೂ ತೆರಿಗೆಯೇ ಇಲ್ಲ.

ಬಜೆಟ್ ಭಯದ ಬಗ್ಗೆ. ನಿಮ್ಮ ಗೆಳೆಯರ ಆತಂಕ ಸುಳ್ಳಲ್ಲ. ನಿಯಮಗಳು ನಿಜವಾಗಿಯೂ ತುಂಬ ಸಲ ಬದಲಾಗಿವೆ. 1997ರಲ್ಲಿ ಡಿವಿಡೆಂಡ್ ತೆರಿಗೆಯನ್ನು ಕಂಪನಿಯೇ ಕಟ್ಟುವಂತೆ ಮಾಡಿದರು. 2002ರಲ್ಲಿ ಅದನ್ನು ತೆಗೆದು ಹೂಡಿಕೆದಾರರ ಮೇಲೆ ಹಾಕಿದರು. ಮರುವರ್ಷವೇ ಮತ್ತೆ ಕಂಪನಿಗೆ. 2020ರ ಏಪ್ರಿಲ್‌ನಿಂದ ಮತ್ತೆ ನಮ್ಮ ಮೇಲೆ. ನೀವು ತೆರಿಗೆಯೇ ಇರಲಿಲ್ಲ ಅಂದುಕೊಂಡ ವರ್ಷಗಳಲ್ಲೂ ತೆರಿಗೆ ಇತ್ತು, ನಿಮ್ಮ ಕೈಗೆ ಬರುವ ಮುಂಚೆ ಕಂಪನಿ ಕಟ್ಟುತ್ತಿತ್ತು. ಷೇರಿನ ದೀರ್ಘಾವಧಿ ಲಾಭಕ್ಕೆ 2004ರ ಅಕ್ಟೋಬರ್‌ನಿಂದ ತೆರಿಗೆ ಇರಲಿಲ್ಲ. 2018ರ ಏಪ್ರಿಲ್‌ನಿಂದ 1 ಲಕ್ಷ ಬಿಟ್ಟು 10% ಬಂತು. 2024ರ ಜುಲೈ 23ರಿಂದ 1.25 ಲಕ್ಷ ಬಿಟ್ಟು 12.5%. ವರ್ಷದೊಳಗೆ ಮಾರಿದ ಲಾಭಕ್ಕೆ 15% ಇದ್ದದ್ದು ಅದೇ ದಿನ 20% ಆಯಿತು.

ಈ ಎರಡು ಬಜೆಟ್‌ಗಳನ್ನು ಪಕ್ಕಪಕ್ಕ ಇಟ್ಟು ನೋಡಿ. 2018ರಲ್ಲಿ ಫೆಬ್ರವರಿ 1ಕ್ಕೆ ಹೇಳಿ ಏಪ್ರಿಲ್ 1ರಿಂದ ಜಾರಿ ಮಾಡಿದರು. ಅಷ್ಟೇ ಅಲ್ಲ, 2018ರ ಜನವರಿ 31ರವರೆಗೆ ಆಗಿದ್ದ ಲಾಭವನ್ನು ಮುಟ್ಟುವುದಿಲ್ಲ ಎಂದರು. 2024ರಲ್ಲಿ ಬೆಳಿಗ್ಗೆ ಭಾಷಣದಲ್ಲಿ ಹೇಳಿದರು, ಅದೇ ದಿನದಿಂದ ಜಾರಿ. ಓಡಿಹೋಗಿ ಮಾರಲು ಯಾರಿಗೂ ಸಮಯ ಸಿಗಲಿಲ್ಲ. ಮುಂದೆ ಯಾವ ರೀತಿ ಬರುತ್ತದೆ ಎಂದು ಊಹಿಸಿ ಇವತ್ತು ಎಲ್ಲ ಮಾರಿದರೆ, ನಾಳೆಯ ಅನುಮಾನಕ್ಕೆ ಇವತ್ತೇ 75,790 ಕಟ್ಟಿದ ಹಾಗೆ.

2018ರ ಮಾರ್ಚ್‌ನಲ್ಲಿ ಜಯನಗರದಿಂದ ಒಬ್ಬ ಹಿರಿಯ ಹೆಂಗಸು ನನ್ನ ಹತ್ತಿರ ಬಂದಿದ್ದರು. ಗಂಡ ತೀರಿಕೊಂಡು ಎರಡು ವರ್ಷ ಆಗಿತ್ತು. ಯಾರೋ ಏಪ್ರಿಲ್‌ನಿಂದ ತೆರಿಗೆ ಎಂದು ಹೆದರಿಸಿದ್ದರಿಂದ, ಗಂಡ ಮೂವತ್ತು ವರ್ಷ ಕೂಡಿಟ್ಟ ಷೇರುಗಳನ್ನೆಲ್ಲ ಮಾರಿ ಹಣ ಎಫ್‌ಡಿಗೆ ಹಾಕಿ ಬಂದಿದ್ದರು. ಜನವರಿ 31ರ ರಕ್ಷಣೆ ಇರುವುದರಿಂದ ಅವರು ಮಾರಲೇಬೇಕಾಗಿರಲಿಲ್ಲ. ಅದನ್ನು ಅವರಿಗೆ ಹೇಳುವಾಗ ನನಗೆ ಸಂಕಟವಾಯಿತು. ಎಲ್ಲ ಮಾರುವ ಮುಂಚೆ ನನಗೊಂದು ಫೋನ್ ಮಾಡಿ ಎಂದು ಅವತ್ತಿನಿಂದ ಎಲ್ಲರಿಗೂ ಹೇಳುತ್ತಾ ಬಂದಿದ್ದೇನೆ.

ನಿಮ್ಮ ಮಗಳು ಹೇಳಿದ್ದೇನು ಎಂದು ನೀವು ಬಿಡಿಸಿ ಬರೆದಿಲ್ಲ, ಆದರೆ ಊಹಿಸಬಲ್ಲೆ. ಬ್ರಿಟನ್ನಿನಲ್ಲಿ ಬಂಡವಾಳ ಲಾಭದ ವಾರ್ಷಿಕ ವಿನಾಯಿತಿ 12,300 ಪೌಂಡ್ ಇತ್ತು. 2023ರಲ್ಲಿ ಅದು 6,000ಕ್ಕೆ, 2024ರಲ್ಲಿ 3,000ಕ್ಕೆ ಇಳಿಯಿತು. ಡಿವಿಡೆಂಡ್ ವಿನಾಯಿತಿ 2,000ದಿಂದ 1,000, ಆಮೇಲೆ 500 ಪೌಂಡ್. ಹಾಗಾಗಿ ವಿನಾಯಿತಿಯನ್ನು ಪ್ರತಿ ವರ್ಷ ಬಳಸಿಕೊಳ್ಳಿ, ಸುಮ್ನೆ ಕಳೆದುಕೊಳ್ಳಬೇಡಿ ಎಂದು ಅವರು ಹೇಳಿದ್ದರೆ ಆ ಮಾತು ಇಲ್ಲಿಗೂ ಸರಿ. ಬಳಸದ 1.25 ಲಕ್ಷ ಮುಂದಿನ ವರ್ಷಕ್ಕೆ ಹೋಗುವುದಿಲ್ಲ. ಆದರೆ ಅಲ್ಲಿ ಮಾರಿದ ಷೇರನ್ನೇ 30 ದಿನದೊಳಗೆ ಮತ್ತೆ ಕೊಂಡರೆ ಆ ಲೆಕ್ಕ ಕೆಲಸ ಮಾಡುವುದಿಲ್ಲ. ನಮ್ಮಲ್ಲಿ ಆ 30 ದಿನದ ನಿಯಮ ಇಲ್ಲ. ಇವತ್ತು ಮಾರಿ ನಾಳೆ ಕೊಳ್ಳಬಹುದು. ಒಂದೇ ದಿನ ಮಾತ್ರ ಬೇಡ, ಅದು ಇಂಟ್ರಾಡೇ ವ್ಯವಹಾರ ಆಗಿಬಿಡುತ್ತದೆ. ಹೊಸದಾಗಿ ಕೊಂಡ ದಿನದಿಂದ ಒಂದು ವರ್ಷದ ಲೆಕ್ಕ ಮತ್ತೆ ಶುರು ಎನ್ನುವುದೂ ನೆನಪಿರಲಿ.

ಇದರಿಂದ ಎಷ್ಟು ಉಳಿಯುತ್ತದೆ? ಪೂರ್ತಿ 1.25 ಲಕ್ಷ ಬಳಸಿದರೆ ಮುಂದೊಂದು ದಿನ ಕಟ್ಟಬೇಕಾಗಿದ್ದ 15,625 ಮತ್ತು ಸೆಸ್, ಒಟ್ಟು 16,250. ಮಾರುವಾಗಲೂ ಕೊಳ್ಳುವಾಗಲೂ ಷೇರಿಗೆ 0.1% ಎಸ್‌ಟಿಟಿ (ಷೇರು ವಹಿವಾಟು ತೆರಿಗೆ), ಜೊತೆಗೆ ಬ್ರೋಕರೇಜ್ ಹೋಗುತ್ತದೆ. ಲಾಭ ಕಡಿಮೆ ಇರುವ ಷೇರಿನಲ್ಲಿ ಇದನ್ನು ಮಾಡಿದರೆ ಖರ್ಚೇ ತಿಂದುಹಾಕುತ್ತದೆ.

ಯಾವ ಷೇರು ಮಾರಬೇಕು ಎನ್ನುವುದು ನಿಮ್ಮ ವಿಷಯದಲ್ಲಿ ತುಂಬಾ ಮುಖ್ಯ. ಇನ್ಫೋಸಿಸ್ 2018ರ ಸೆಪ್ಟೆಂಬರ್‌ನಲ್ಲಿ ಒಂದು ಷೇರಿಗೆ ಒಂದು ಷೇರು ಬೋನಸ್ ಆಗಿ, ಅಂದರೆ ಉಚಿತವಾಗಿ, ಕೊಟ್ಟಿತು. ಅದಕ್ಕೆ ಮುಂಚಿನಿಂದಲೂ ಷೇರು ಇಟ್ಟುಕೊಂಡು ಆಮೇಲೆ ಬೇರೆ ಕೊಂಡಿಲ್ಲದಿದ್ದರೆ, ನಿಮ್ಮ 1,200ರಲ್ಲಿ 600 ಹಳೆಯವು, 600 ಬೋನಸ್. ನೋಡಲು ಎರಡೂ ಒಂದೇ. ತೆರಿಗೆಯಲ್ಲಿ ಅಜಗಜಾಂತರ.

ಹಳೆಯ 600ಕ್ಕೆ 2018ರ ಜನವರಿ 31ರ ರಕ್ಷಣೆ ಇದೆ. ಅವತ್ತಿನ ಗರಿಷ್ಠ ಬೆಲೆಯನ್ನೇ ನೀವು ಕೊಂಡ ಬೆಲೆ ಎಂದು ಹಿಡಿಯಬಹುದು. ಆದರೆ ಅದು ಮಾರಿದ ಬೆಲೆಗಿಂತ ಜಾಸ್ತಿ ಆಗುವಂತಿಲ್ಲ. ಅವತ್ತು ಇನ್ಫೋಸಿಸ್ ಬೆಲೆ 1,150ರ ಆಸುಪಾಸಿನಲ್ಲಿತ್ತು. ಲೆಕ್ಕಕ್ಕೆ 1,500ಕ್ಕೆ ಮಾರಿದಿರಿ ಅಂತ ಇಟ್ಟುಕೊಳ್ಳಿ. ತೆರಿಗೆಯ ಲಾಭ ಷೇರಿಗೆ ಸುಮಾರು 350 ರೂಪಾಯಿ ಮಾತ್ರ. ನೀವು ತೊಂಬತ್ತರ ದಶಕದಲ್ಲಿ ಪುಡಿಗಾಸಿಗೆ ಕೊಂಡಿದ್ದರೂ ಅಷ್ಟೇ. ಬೋನಸ್ ಷೇರು ಬಂದದ್ದು ಜನವರಿ 31 ಕಳೆದ ಮೇಲೆ. ಅದಕ್ಕೆ ಆ ರಕ್ಷಣೆ ಇಲ್ಲ, ಕೊಂಡ ಬೆಲೆಯೂ ಸೊನ್ನೆ. 1,500ಕ್ಕೆ ಮಾರಿದರೆ ಇಡೀ 1,500 ಲಾಭ. ಹಳೆಯ ಷೇರಾದರೆ 350ರಷ್ಟು ಮಾರಿದರೂ 1.25 ಲಕ್ಷದೊಳಗೆ ಇರುತ್ತೀರಿ. ಬೋನಸ್ ಷೇರಾದರೆ 83ಕ್ಕೇ ಮುಗಿಯಿತು.

ಒಳ್ಳೆಯ ಸಂಗತಿ ಏನೆಂದರೆ, ಒಂದು ಡಿಮ್ಯಾಟ್ ಖಾತೆಯಲ್ಲಿ ಮೊದಲು ಬಂದದ್ದು ಮೊದಲು ಹೋಗುತ್ತದೆ. ಹಾಗಾಗಿ ನೀವು ಮಾರಿದಾಗ ಹಳೆಯ ಷೇರೇ ಮೊದಲು ಹೋಗುತ್ತದೆ. 2014 ಮತ್ತು 2015ರ ಬೋನಸ್‌ಗಳಿಗೂ ಜನವರಿ 31ರ ರಕ್ಷಣೆ ಇದೆ. ನೀವು ಹೇಳುವ 4 ಲಕ್ಷ ಲಾಭವನ್ನು ಯಾವ ಬೆಲೆ ಹಿಡಿದು ಲೆಕ್ಕ ಹಾಕಿದ್ದೀರಿ? ಮೂಲ ಖರೀದಿ ಬೆಲೆ ಹಿಡಿದಿದ್ದರೆ ನಿಜವಾದ ಲಾಭ ಅದಕ್ಕಿಂತ ತುಂಬಾ ಕಡಿಮೆ ಇರಬಹುದು. ಮೊದಲು ಇದನ್ನು ನೋಡಿ.

2025ರ ನವೆಂಬರ್‌ನಲ್ಲಿ ಇನ್ಫೋಸಿಸ್ 1,800 ರೂಪಾಯಿಗೆ ಷೇರು ವಾಪಸ್ ಕೊಂಡಿತಲ್ಲ, ಆಗ ನೀವೂ ಕೆಲವನ್ನು ಕೊಟ್ಟಿದ್ದೀರಾ? ಕೊಟ್ಟಿದ್ದರೆ ಬಂದ ಪೂರ್ತಿ ಹಣ ಡಿವಿಡೆಂಡ್ ಎಂದೇ ಲೆಕ್ಕ. 2024ರ ಅಕ್ಟೋಬರ್ 1ರಿಂದ ಬಂದು ಆಗ ಜಾರಿಯಲ್ಲಿದ್ದ ನಿಯಮ ಇದು. ಆ ಷೇರು ಕೊಂಡ ಬೆಲೆಯನ್ನು ಬಂಡವಾಳ ನಷ್ಟ ಎಂದು ತೋರಿಸಬಹುದು. ನೀವು ಹೇಳಿದ 1.6 ಲಕ್ಷದಲ್ಲಿ ಇದು ಸೇರಿಲ್ಲದಿದ್ದರೆ ಮೇಲಿನ 15,000ದ ಅಂತರ ಮುಗಿದೇ ಹೋಯಿತು. ಮಾರುವ ಮೊತ್ತ ಇಳಿಸಬೇಕಾಗುತ್ತದೆ.

ನಷ್ಟದ ಮಾತು ಬಂತು. ನಿಮ್ಮ ಹತ್ತಿರವೂ ಎದ್ದೇಳದೆ ಮಲಗಿರುವ ಷೇರು ಒಂದೆರಡು ಇರಬಹುದು. ಮಾರ್ಚ್ ಬಂದ ಕೂಡಲೇ ನಷ್ಟದ ಷೇರು ಮಾರಿ ಲಾಭಕ್ಕೆ ಹೊಂದಿಸಿ ಎಂದು ಎಲ್ಲರೂ ಹೇಳುತ್ತಾರೆ. ಲಾಭವೇ 1.25 ಲಕ್ಷದೊಳಗೆ ಇರುವ ವರ್ಷ ಇದನ್ನು ಮಾಡಬೇಡಿ. ನಷ್ಟ ಮೊದಲು ಲಾಭದಿಂದ ಕಳೆಯುತ್ತದೆ, ವಿನಾಯಿತಿ ಆಮೇಲೆ ಬರುತ್ತದೆ. ಹೇಗೂ ತೆರಿಗೆ ಇಲ್ಲದ ಲಾಭಕ್ಕೆ ನಷ್ಟವನ್ನು ಸುರಿದ ಹಾಗಾಗುತ್ತದೆ. 1.25 ಲಕ್ಷಕ್ಕಿಂತ ಜಾಸ್ತಿ ಲಾಭ ಬರುವ ವರ್ಷಕ್ಕೆ ನಷ್ಟ ಇಟ್ಟುಕೊಳ್ಳಿ. ದೀರ್ಘಾವಧಿ ನಷ್ಟ ದೀರ್ಘಾವಧಿ ಲಾಭಕ್ಕೆ ಮಾತ್ರ ಹೊಂದುತ್ತದೆ. ಡಿವಿಡೆಂಡ್‌ನಿಂದ, ಬಡ್ಡಿಯಿಂದ ಕಳೆಯಲು ಬರುವುದಿಲ್ಲ. ಉಳಿದ ನಷ್ಟವನ್ನು 8 ವರ್ಷ ಮುಂದಕ್ಕೆ ಒಯ್ಯಬಹುದು, ಆದರೆ ರಿಟರ್ನನ್ನು ಗಡುವಿನೊಳಗೆ ಹಾಕಿರಬೇಕು. ತಡವಾಗಿ ಹಾಕಿ ಈ ಹಕ್ಕು ಕಳೆದುಕೊಂಡವರನ್ನು ಪ್ರತಿ ವರ್ಷ ನೋಡುತ್ತೇನೆ.

ಮ್ಯೂಚುವಲ್ ಫಂಡ್‌ನ ಡಿವಿಡೆಂಡ್ ಬಗ್ಗೆ ನನ್ನದು ಸ್ವಲ್ಪ ಗಟ್ಟಿ ಅಭಿಪ್ರಾಯ. ಕಂಪನಿ ಕೊಡುವ ಡಿವಿಡೆಂಡ್ ಅದರ ಗಳಿಕೆಯ ಪಾಲು. ಫಂಡ್ ಕೊಡುವುದು ನಿಮ್ಮದೇ ಯೂನಿಟ್‌ಗಳ ಮೌಲ್ಯದಿಂದ ತೆಗೆದು ಕೊಟ್ಟ ಹಣ. ಕೊಟ್ಟಷ್ಟು ಎನ್‌ಎವಿ (ಒಂದು ಯೂನಿಟ್‌ನ ಬೆಲೆ) ಇಳಿಯುತ್ತದೆ. 2021ರ ಏಪ್ರಿಲ್‌ನಿಂದ ಮಾರುಕಟ್ಟೆ ನಿಯಂತ್ರಕ ಸೆಬಿ ಡಿವಿಡೆಂಡ್ ಆಪ್ಷನ್ ಎಂಬ ಹೆಸರನ್ನೇ ತೆಗೆಸಿ ಐಡಿಸಿಡಬ್ಲ್ಯು (ಆದಾಯ ಹಂಚಿಕೆ ಮತ್ತು ಬಂಡವಾಳ ವಾಪಸಾತಿ) ಎಂದು ಮಾಡಿತು. ಜನ ಅದನ್ನು ಬಡ್ಡಿ ಅಂದುಕೊಳ್ಳಬಾರದು ಎಂಬುದೇ ಅದರ ಉದ್ದೇಶ. ನೀವು ಪಿಂಚಣಿಯಲ್ಲೇ ಮನೆ ನಡೆಸುತ್ತಿದ್ದರೆ ಈ ಹಣ ಬೇಕಾಗಿಲ್ಲ. ಹಣ ಹಂಚದೆ ಒಳಗೇ ಬೆಳೆಸುವ ಗ್ರೋತ್ ಆಪ್ಷನ್‌ಗೆ ಬದಲಾಯಿಸಿ, ಬೇಕಾದಾಗ ಬೇಕಾದಷ್ಟೇ ತೆಗೆಯಿರಿ. ಆಗ ಲಾಭದ ಭಾಗ ಮಾತ್ರ ಲೆಕ್ಕಕ್ಕೆ ಬರುತ್ತದೆ, 12 ಲಕ್ಷದ ಗೆರೆಯಿಂದಲೂ ದೂರ ಇರುತ್ತೀರಿ. ಆದರೆ ಈ ಬದಲಾವಣೆಯೂ ಕಾನೂನಿನಲ್ಲಿ ಮಾರಾಟವೇ. ಎಲ್ಲ ಫಂಡ್ ಒಂದೇ ದಿನ ಬದಲಾಯಿಸಿದರೆ ಆ ಲಾಭವೂ ಈ ವರ್ಷಕ್ಕೇ ಸೇರುತ್ತದೆ. ಮನೆ ರಿಪೇರಿಯ ಮಾರಾಟ ಮುಗಿಯಲಿ. ಆಮೇಲೆ ವರ್ಷಕ್ಕೆ ಒಂದೊಂದು ಫಂಡ್ ಬದಲಾಯಿಸಿ. 2023ರ ಏಪ್ರಿಲ್ ನಂತರ ಕೊಂಡ ಸಾಲಪತ್ರಗಳ ಫಂಡ್ ಇದ್ದರೆ ಅದಕ್ಕೆ ಈ 1.25 ಲಕ್ಷ, 12.5% ಯಾವುದೂ ಇಲ್ಲ. ಎಷ್ಟು ವರ್ಷ ಇಟ್ಟರೂ ಸ್ಲ್ಯಾಬ್ ದರವೇ.

ಇನ್ನು ನಿಮ್ಮ ಹೆಂಡತಿಯ ಹೆಸರಿಗೆ ಬದಲಾಯಿಸುವುದು. ನೀವು ಅವರಿಗೆ ಷೇರು ದಾನ ಕೊಟ್ಟರೆ ದಾನಕ್ಕೆ ತೆರಿಗೆ ಇಲ್ಲ. ಆದರೆ ಆ ಷೇರಿನ ಡಿವಿಡೆಂಡ್ ಮತ್ತು ಮಾರಿದ ಲಾಭ ಎರಡೂ ನಿಮ್ಮ ಆದಾಯಕ್ಕೇ ಸೇರುತ್ತವೆ. ಕಾಗದ ಬದಲಾಯಿತು, ತೆರಿಗೆ ಬದಲಾಗಲಿಲ್ಲ. ಅವರಿಗೆ ತವರಿನಿಂದ ಬಂದದ್ದು, ಅವರೇ ದುಡಿದು ಕೂಡಿಟ್ಟದ್ದು ಇದ್ದರೆ ಅದು ಬೇರೆ. ಅದಕ್ಕೆ ಅವರದೇ 1.25 ಲಕ್ಷ ಇದೆ. ಅವರಿಗೆ ಬೇರೆ ಆದಾಯ ಇಲ್ಲದಿದ್ದರೆ, ಅದರ ಮೇಲಿನ ಲಾಭವನ್ನು 4 ಲಕ್ಷದ ಮೂಲ ಮಿತಿಯೊಳಗೂ ಹೊಂದಿಸಬಹುದು. ಅವರ ತಾಯಿಯಿಂದ ಬಂದ ಷೇರಾದರೆ ತಾಯಿ ಕೊಂಡ ದಿನ, ಕೊಂಡ ಬೆಲೆಯೇ ಲೆಕ್ಕ. ಎಷ್ಟೋ ಮನೆಗಳಲ್ಲಿ ಹೆಂಗಸರ ಹೆಸರಿನ ಷೇರಿನ ಕಾಗದ ಬೀರುವಿನಲ್ಲೇ ಉಳಿದಿರುತ್ತದೆ. ದಯವಿಟ್ಟು ಒಂದು ಸಲ ಅವರನ್ನು ಕೇಳಿ.

ಈ ಸಲ ಬದಲಾಗುವ ಇನ್ನೊಂದು ವಿಷಯ: 2026ರ ಏಪ್ರಿಲ್ 1ರಿಂದ 1961ರ ಆದಾಯ ತೆರಿಗೆ ಕಾಯ್ದೆಯ ಜಾಗಕ್ಕೆ 2025ರ ಹೊಸ ಕಾಯ್ದೆ ಬರುತ್ತದೆ. ಸೆಕ್ಷನ್ ಸಂಖ್ಯೆಗಳು ಬದಲಾಗುತ್ತವೆ. ಅದಕ್ಕೇ ನಾನು ಇಲ್ಲಿ ಯಾವ ಸೆಕ್ಷನ್ನನ್ನೂ ಬರೆದಿಲ್ಲ. ಏಪ್ರಿಲ್ ಭಾಗದ ಮಾರಾಟಕ್ಕೆ ಮುಂಚೆ, ಬಜೆಟ್‌ನಲ್ಲಿ ಏನು ಬಂತು ಎಂದು ನೋಡಿ ಮೊತ್ತವನ್ನು ಇನ್ನೊಮ್ಮೆ ಲೆಕ್ಕ ಹಾಕೋಣ.

ನಿಮಗೆ 60 ದಾಟಿದೆ, ವ್ಯಾಪಾರದ ಆದಾಯ ಇಲ್ಲ. ಹಾಗಾಗಿ ಮುಂಗಡ ತೆರಿಗೆಯ ಕಂತು ಕಟ್ಟುವ ತಲೆನೋವು ಇಲ್ಲ. ಲಾಭದ ಮೇಲಿನ ತೆರಿಗೆಗೆ ಈಗಾಗಲೇ ಹಿಡಿದಿರುವ ಟಿಡಿಎಸ್ ಹೊಂದುತ್ತದೆ. ಕಡಿಮೆ ಬಿದ್ದರೆ ರಿಟರ್ನ್ ಹಾಕುವಾಗ ಕಟ್ಟಿದರಾಯಿತು. ಲಾಭ 1.25 ಲಕ್ಷ ದಾಟಿದರೆ ನೀವು ಪ್ರತಿ ವರ್ಷ ಹಾಕುವ ಸರಳ ಐಟಿಆರ್-1 ಸಾಲದು, ಐಟಿಆರ್-2 ಬೇಕು. ರಿಟರ್ನ್‌ಗೆ ಮುಂಚೆ ಇಲಾಖೆಯ ಪೋರ್ಟಲ್‌ನಲ್ಲಿ ಎಐಎಸ್ ಎಂಬ ವಾರ್ಷಿಕ ಮಾಹಿತಿ ಪಟ್ಟಿ ತೆಗೆದು ನೋಡಿ. ನಿಮ್ಮ ಪ್ರತಿ ಡಿವಿಡೆಂಡ್, ಪ್ರತಿ ಮಾರಾಟ ಅದರಲ್ಲಿ ಇರುತ್ತದೆ. ಅಲ್ಲಿ ತೋರಿಸುವ ಖರೀದಿ ಬೆಲೆಯನ್ನು ಮಾತ್ರ ಕಣ್ಣುಮುಚ್ಚಿ ಒಪ್ಪಬೇಡಿ. ಹಳೆಯ ಕಾಂಟ್ರಾಕ್ಟ್ ನೋಟು, ಬೋನಸ್ ಪತ್ರ ಏನಿದೆಯೋ ಎಲ್ಲ ಒಂದು ಫೈಲಿಗೆ ಹಾಕಿ, ಫೆಬ್ರವರಿ ಮುಗಿಯುವುದರೊಳಗೆ ನಿಮ್ಮ ಆಡಿಟರ್ ಹತ್ತಿರ ತೆಗೆದುಕೊಂಡು ಹೋಗಿ. ಮಾರ್ಚ್ ಕೊನೆಯ ವಾರ ಬೇಡ. ಆಗ ರಜೆಗಳೂ ಬರುತ್ತವೆ, ಮಾರಿದ ಷೇರು ಯಾವ ವರ್ಷಕ್ಕೆ ಸೇರಿತು ಎಂಬ ಗೊಂದಲವೂ ಆಗುತ್ತದೆ.